ಪಶ್ಚಿಮದ ಗೋಡೆಗೆ ಇನ್ಸುಲೇಶನ್: ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ರೂಮಿನ ಗೋಡೆಗೆ ಇನ್ಸುಲೇಶನ್, ಅಂದರೆ ಶಾಖ ತಡೆಯುವ ಹೊದಿಕೆ, ಹಾಕಿಸಿದೆವು. ಕೆಲಸ ಚೆನ್ನಾಗಿದೆ, ಹಾಕಿದ ದುಡ್ಡು ದಂಡ ಆಗಿಲ್ಲ. ಆದರೆ ಕರೆಂಟ್ ಬಿಲ್ ಅರ್ಧ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಿ ಮಾಡಿಸಬೇಡಿ. ರಾತ್ರಿ ನೆಮ್ಮದಿಯಾಗಿ ನಿದ್ದೆ ಬರಬೇಕು, ಮನೆಯಲ್ಲಿ ವಯಸ್ಸಾದವರಿದ್ದಾರೆ, ಗೋಡೆ ಪಶ್ಚಿಮಕ್ಕಿದೆ ಅಂತಿದ್ದರೆ ಮಾಡಿಸಿ. ಎರಡಕ್ಕೂ ಕಾರಣ ಕೆಳಗಿದೆ, ಸ್ವಲ್ಪ ಉದ್ದ ಆಗುತ್ತದೆ.

ನಾವಿರುವುದು ಪುಣೆಯ ವಾರ್ಜೆಯಲ್ಲಿ. ಏಳು ಮಹಡಿಯ ಕಟ್ಟಡ, ನಮ್ಮದು ನಾಲ್ಕನೇ ಮಹಡಿ. 2007ರಲ್ಲಿ ಕಟ್ಟಿದ್ದು. ಹೊರಗೋಡೆ ಆರಿಂಚಿನ ಇಟ್ಟಿಗೆ, ಎರಡೂ ಕಡೆ ಸಿಮೆಂಟ್ ಪ್ಲಾಸ್ಟರ್, ಅಷ್ಟೇ. ಹಿಂದಿನ ಬೆಡ್‌ರೂಮಿನ ಗೋಡೆ ನೇರ ಪಶ್ಚಿಮಕ್ಕೆ. ಎದುರಿಗೆ ಒಂದು ಮರ ಇಲ್ಲ, ನೆರಳು ಕೊಡುವ ಇನ್ನೊಂದು ಕಟ್ಟಡವೂ ಇಲ್ಲ. ಮಧ್ಯಾಹ್ನ ಒಂದಕ್ಕೆ ಬಿದ್ದ ಬಿಸಿಲು ಸೂರ್ಯ ಮುಳುಗುವ ತನಕ ಬಿಡುವುದಿಲ್ಲ. ಹಾಗೆ ಕಾದ ಇಟ್ಟಿಗೆ ಆ ಬಿಸಿಯನ್ನು ಹಿಡಿದಿಟ್ಟುಕೊಂಡು ರಾತ್ರಿ ಹತ್ತು, ಹನ್ನೊಂದು, ಒಂದೊಂದು ದಿನ ಮಧ್ಯರಾತ್ರಿ ದಾಟಿದ ಮೇಲೂ ನಿಧಾನಕ್ಕೆ ಒಳಗೆ ಬಿಡುತ್ತಿರುತ್ತದೆ. ಹೊರಗೆ ತಂಪು ಗಾಳಿ ಬೀಸುತ್ತಿರುತ್ತದೆ, ಒಳಗೆ ಮಾತ್ರ ಧಗೆ. ಪುಣೆಯಲ್ಲಿ ರಾತ್ರಿ ತಂಪು ಅಂತ ಎಲ್ಲರೂ ಹೇಳುತ್ತಾರೆ. ಪಶ್ಚಿಮದ ರೂಮಿನಲ್ಲಿ ಮಲಗಿದವರು ಆ ಮಾತು ಹೇಳುವುದಿಲ್ಲ.

ಆ ರೂಮು ಅಪ್ಪನದು. ಅವರಿಗೆ 78. ಅಮ್ಮ ಹೋದ ಮೇಲೆ ವಿಜಯಪುರದಿಂದ ಇಲ್ಲಿಗೆ ಕರೆದುಕೊಂಡು ಬಂದೆ. ವಿಜಯಪುರದ ಬಿಸಿಲು ಕಂಡವರಿಗೆ ಪುಣೆ ಬಿಸಿಲು ಯಾವ ಲೆಕ್ಕ ಅಂದುಕೊಂಡಿದ್ದೆ. ಬಂದ ಮೊದಲ ಏಪ್ರಿಲ್‌ನಲ್ಲೇ ಒಂದು ರಾತ್ರಿ ನನ್ನನ್ನು ಕರೆದು ಗೋಡೆ ಮುಟ್ಟಿಸಿದರು. "ಯವ್ವಾ, ಈ ಗ್ವಾಡಿಗೆ ರೊಟ್ಟಿ ಬಡದು ಹಚ್ಚಿದ್ರ ಬೆಂದು ಬರ್ತದ ನೋಡು" ಅಂದರು. ಸುಮ್ನೆ ಹೇಳಿದ್ದಲ್ಲ. ಅಂಗೈ ಇಟ್ಟರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು, ಒಂಬತ್ತೂವರೆ ಗಂಟೆಗೆ! ಮಂಚವನ್ನು ಗೋಡೆಯಿಂದ ಎಳೆದು ರೂಮಿನ ನಡುವೆ ಹಾಕಿಕೊಂಡರು. ರಾತ್ರಿ ಬಾತ್‌ರೂಮಿಗೆ ಎದ್ದಾಗ ಎರಡು ಸಲ ಮಂಚದ ಕಾಲಿಗೆ ಎಡವಿದರು. ನನಗೆ ನಿಜಕ್ಕೂ ಚಿಂತೆ ಹತ್ತಿದ್ದು ಆಗ.

ನಮ್ಮ ಊರಿನ ಮನೆ ಮಾಳಿಗೆ ಮನೆ. ಕಲ್ಲು ಮಣ್ಣಿನ ಗೋಡೆ, ಒಂದೂವರೆ ಎರಡು ಅಡಿ ದಪ್ಪ. ಮೇಲೆ ತೊಲೆ ಜಂತಿ, ಅದರ ಮೇಲೆ ಮಣ್ಣು. ಅಷ್ಟು ದಪ್ಪದ ಗೋಡೆ ಪೂರ್ತಿ ಕಾಯುವ ಹೊತ್ತಿಗೆ ಹಗಲೇ ಮುಗಿದಿರುತ್ತದೆ. ಆರಿಂಚಿನ ಇಟ್ಟಿಗೆಗೆ ಆ ತಾಕತ್ತಿಲ್ಲ. ಬಿಸಿಲು ವಿಜಯಪುರದಲ್ಲೇ ಜಾಸ್ತಿ, ಆದರೆ ಗೋಡೆ ಇಲ್ಲಿನದು ತೆಳು.

ಮೊದಲು ಮೋಸ ಹೋದದ್ದನ್ನೂ ಹೇಳಬೇಕು. 2022ರಲ್ಲಿ ಒಬ್ಬ ಪೇಂಟಿಂಗ್ ಕಾಂಟ್ರ್ಯಾಕ್ಟರ್ "ಹೀಟ್‌ಪ್ರೂಫ್ ಪೇಂಟ್ ಹೊಡೆದರೆ ಐದು ಡಿಗ್ರಿ ಇಳಿಯುತ್ತದೆ" ಅಂದ. ರೂಮಿನ ಒಳಗಡೆ ಎರಡು ಕೋಟ್ ಹೊಡೆದು 9,000 ರೂಪಾಯಿ ತೆಗೆದುಕೊಂಡು ಹೋದ. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಬಿಸಿಲನ್ನು ವಾಪಸ್ ಕಳಿಸುವ ಪೇಂಟ್ ಬಿಸಿಲು ಬೀಳುವ ಜಾಗದಲ್ಲಿ ಇರಬೇಕು, ಅಂದರೆ ಹೊರಗೆ. ಒಳಗೆ ಹೊಡೆದರೆ ಗೋಡೆ ಕಾಯುವುದು ಕಾದೇ ಕಾಯುತ್ತದೆ. ಇಷ್ಟು ಸರಳ ವಿಷಯ ನನಗೆ ಆಗ ಹೊಳೆಯಲಿಲ್ಲ. ನಿಮಗೂ ಯಾರಾದರೂ ಇದನ್ನು ಮಾರಲು ಬಂದರೆ ದಯವಿಟ್ಟು ಬೇಡ ಅನ್ನಿ.

ಇನ್ಸುಲೇಶನ್ ವಿಚಾರ ತಲೆಗೆ ಬಂದದ್ದು ತಂಗಿಯಿಂದ. ಅವಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ, ಮನೆ 1930ರ ದಶಕದ್ದು. ಅಲ್ಲಿನ ಅಂಥ ಎಷ್ಟೋ ಮನೆಗಳ ಹೊರಗೋಡೆ ಎರಡು ಪದರದ್ದಂತೆ, ನಡುವೆ ಎರಡಿಂಚಿನ ಆಸುಪಾಸು ಖಾಲಿ ಸಂದು. ಹೊರಗಿನಿಂದ ಇಟ್ಟಿಗೆಯ ಸಂದಿಯಲ್ಲಿ ಸಾಲಾಗಿ ತೂತು ಕೊರೆದು, ಪೈಪಿನಲ್ಲಿ ಖನಿಜ ಉಣ್ಣೆಯನ್ನೋ ಥರ್ಮೋಕೋಲ್ ಮಣಿಯನ್ನೋ ಊದಿ ತುಂಬಿ, ತೂತು ಮುಚ್ಚಿ ಹೋಗುತ್ತಾರೆ. ಬೆಳಗ್ಗೆ ಬಂದವರು ಮಧ್ಯಾಹ್ನಕ್ಕೆ ಮುಗಿಸಿದರು ಅಂದಳು. ಅವರದು ಒಳಗಿನ ಬಿಸಿ ಹೊರಗೆ ಹೋಗದ ಹಾಗೆ, ನಮ್ಮದು ಹೊರಗಿನ ಬಿಸಿ ಒಳಗೆ ಬರದ ಹಾಗೆ. ಸಾಮಾನು ಒಂದೇ, ಅದಕ್ಕೆ ದಿಕ್ಕಿನ ಹಂಗಿಲ್ಲ. ಆದರೆ ನಮ್ಮ ಗೋಡೆಯಲ್ಲಿ ಊದಿ ತುಂಬಲಿಕ್ಕೆ ಸಂದೇ ಇಲ್ಲ, ಪೂರ್ತಿ ಇಟ್ಟಿಗೆ. ಹಾಗಾಗಿ ನಮಗಿರುವುದು ಎರಡೇ ದಾರಿ. ಹೊರಗಿನಿಂದ ಹೊದಿಸಬೇಕು, ಇಲ್ಲ ಒಳಗಿನಿಂದ ಹೊದಿಸಬೇಕು. ಹೊರಗಿನಿಂದ ಮಾಡಿದರೆ ಇಟ್ಟಿಗೆಯೇ ಕಾಯುವುದಿಲ್ಲ, ಅದೇ ಸರಿಯಾದ ದಾರಿ. ಆದರೆ ಫ್ಲ್ಯಾಟಿನಲ್ಲಿ ಹೊರಗೋಡೆ ಸೊಸೈಟಿಯದು, ಅಂದರೆ ಕಟ್ಟಡದ ಮನೆಯವರೆಲ್ಲರ ಸಂಘದ್ದು. ನಾಲ್ಕನೇ ಮಹಡಿಗೆ ಒಬ್ಬರಿಗೋಸ್ಕರ ಝೂಲಾ (ಹೊರಗೋಡೆ ಕೆಲಸಕ್ಕೆ ಮೇಲಿಂದ ತೂಗುಬಿಡುವ ಅಟ್ಟಣಿಗೆ) ಕಟ್ಟಿಸಲು ಯಾರೂ ಒಪ್ಪುವುದಿಲ್ಲ. ಒಳಗಿನಿಂದಲೇ ಮಾಡಿಸೋಣ ಅಂತ ನಿರ್ಧಾರ ಮಾಡಿದೆವು.

ಮಾಡುವವರು ಸಿಗುವುದೇ ಕಷ್ಟ ಅಂತ ಆಮೇಲೆ ಗೊತ್ತಾಯಿತು. ಪುಣೆಯಲ್ಲಿ ಇನ್ಸುಲೇಶನ್ ಕೆಲಸದವರು ಬೇಕಾದಷ್ಟು ಜನ ಇದ್ದಾರೆ, ಆದರೆ ಅವರೆಲ್ಲ ಕೋಲ್ಡ್ ಸ್ಟೋರೇಜ್, ಫ್ಯಾಕ್ಟರಿ ಶೆಡ್, ಆಫೀಸಿನ ಎಸಿ ಡಕ್ಟ್ ಮಾಡುವವರು. ಒಂದು ಬೆಡ್‌ರೂಮಿನ ಒಂದು ಗೋಡೆ ಅಂದ ಕೂಡಲೇ ಇಬ್ಬರು ಫೋನ್ ಇಟ್ಟರು. ಮೂರನೆಯವರು ಭೋಸರಿ ಕಡೆಯವರು, ಬಂದು ನೋಡಿದರು. ಹೆಸರು ಬರೆಯುವುದಿಲ್ಲ, ಹೊಗಳುವುದೂ ಇದೆ, ದೂರುವುದೂ ಇದೆ.

ಆ ಮನುಷ್ಯ ಒಂದು ಸಣ್ಣ ಪೆಟ್ಟಿಗೆ ತಂದಿದ್ದ. ಒಳಗೆ ಹ್ಯಾಲೋಜನ್ ಬಲ್ಬು, ಒಂದು ಕಡೆ ಸಿಮೆಂಟ್ ಶೀಟು, ಇನ್ನೊಂದು ಕಡೆ ಗುಲಾಬಿ ಬಣ್ಣದ ಎಕ್ಸ್‌ಪಿಎಸ್ ಹಾಳೆ (ಥರ್ಮೋಕೋಲಿನ ಜಾತಿಯದೇ, ಅದಕ್ಕಿಂತ ಗಟ್ಟಿ ಫೋಮು). ಐದು ನಿಮಿಷ ಬಲ್ಬು ಉರಿಸಿ "ತಾಈ, ಎರಡೂ ಕಡೆ ಕೈ ಇಡಿ" ಅಂದ. ಒಂದು ಕಡೆ ಸುಡುತ್ತಿತ್ತು, ಇನ್ನೊಂದು ಕಡೆ ಏನೂ ಗೊತ್ತಾಗಲಿಲ್ಲ. ಅಪ್ಪ ಎದ್ದು ಬಂದು ತಾವೂ ಕೈ ಇಟ್ಟು ನೋಡಿದರು. ನೋಡಲು ಚೆನ್ನಾಗಿತ್ತು, ನಿಜವೂ ಹೌದು. ಆದರೆ ಕೊನೆಗೆ "ಬಿಲ್ ನಲವತ್ತು ಪರ್ಸೆಂಟ್ ಇಳಿಯುತ್ತದೆ" ಅಂದನಲ್ಲ, ಅದು ನಿಜ ಅಲ್ಲ. ಒಂದು ಗೋಡೆಯಿಂದ ಮನೆಯ ಪೂರ್ತಿ ಬಿಲ್ ಅಷ್ಟು ಇಳಿಯಲು ಸಾಧ್ಯವೇ ಇಲ್ಲ. ಫ್ರಿಜ್, ಗೀಸರ್, ವಾಷಿಂಗ್ ಮಷಿನ್ ಇವಕ್ಕೆಲ್ಲ ಗೋಡೆಯ ಜೊತೆ ಏನು ಸಂಬಂಧ?

ಸಾಮಾನಿನ ಬಗ್ಗೆ ನನಗೆ ಅರ್ಥ ಆದಷ್ಟು ಹೇಳುತ್ತೇನೆ. ಮೂರು ಆಯ್ಕೆ ಕೊಟ್ಟಿದ್ದ: ಬಿಳಿ ಥರ್ಮೋಕೋಲ್, ಎಕ್ಸ್‌ಪಿಎಸ್, ರಾಕ್‌ವೂಲ್. ಒಂದೇ ದಪ್ಪಕ್ಕೆ ಮೂರೂ ಹೆಚ್ಚು ಕಡಿಮೆ ಒಂದೇ ಅಳತೆಯಲ್ಲಿ ಶಾಖ ತಡೆಯುತ್ತವೆ, ಎಕ್ಸ್‌ಪಿಎಸ್ ಸ್ವಲ್ಪ ಮುಂದೆ. ಥರ್ಮೋಕೋಲ್ ಅಗ್ಗ, ಆದರೆ ಕಾಳು ಕಾಳಾಗಿ ಉದುರುತ್ತದೆ. ಎಕ್ಸ್‌ಪಿಎಸ್ ನೀರು ಹೀರುವುದು ತೀರಾ ಕಡಿಮೆ, ಗಟ್ಟಿ ಇರುತ್ತದೆ. ಬೆಂಕಿಗೆ ಮಾತ್ರ ಇವೆರಡೂ ಭಯ. ರಾಕ್‌ವೂಲ್ ಕಲ್ಲು ಕರಗಿಸಿ ನೂಲು ಮಾಡಿದ್ದು, ಉರಿಯುವುದಿಲ್ಲ, ಸದ್ದನ್ನೂ ತಡೆಯುತ್ತದೆ. ಆದರೆ ಒದ್ದೆಯಾದರೆ ಅದರ ಕೆಲಸ ಕೆಡುತ್ತದೆ. ನಾವು 50 ಮಿ.ಮೀ. ಎಕ್ಸ್‌ಪಿಎಸ್ ಆರಿಸಿಕೊಂಡೆವು, ಅದರ ಮೇಲೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್. ಜಿಪ್ಸಮ್ ಬೋರ್ಡನ್ನು ಚೆಂದಕ್ಕೆ ಹಾಕುವುದಲ್ಲ, ಬೆಂಕಿಗೆ ಅಡ್ಡ ಹಾಕುವುದು. ಎಕ್ಸ್‌ಪಿಎಸ್ ಮೇಲೆ ಸುಮ್ನೆ ವಾಲ್‌ಪೇಪರ್ ಅಂಟಿಸಿಕೊಡುತ್ತೇವೆ, ಅಗ್ಗಕ್ಕೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ವಿಚ್‌ಬೋರ್ಡ್ ಸುತ್ತ ಒಂದು ಗೇಣು ಮಾತ್ರ ರಾಕ್‌ವೂಲ್ ಹಾಕಿಸಿದೆ. ಇನ್ನೊಂದು ಮಾತು: ವೈರಿನ ಪ್ಲಾಸ್ಟಿಕ್ಕು ಥರ್ಮೋಕೋಲಿಗೋ ಎಕ್ಸ್‌ಪಿಎಸ್‌ಗೋ ನೇರ ತಾಗಿಕೊಂಡು ವರ್ಷಗಟ್ಟಲೆ ಇದ್ದರೆ ಗಡುಸಾಗಿ ಬಿರುಕು ಬಿಡುತ್ತದೆ. ವೈರು ಪೈಪಿನೊಳಗೇ ಇರಬೇಕು. ಇದನ್ನು ಹೇಳಿದ್ದು ಅದೇ ಕಾಂಟ್ರ್ಯಾಕ್ಟರ್, ಅದಕ್ಕೆ ಅವನಿಗೆ ಧನ್ಯವಾದ.

ಲೆಕ್ಕ ಬೇಕಾದವರಿಗೆ ಒಂದು ಲೆಕ್ಕ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದರೆ ನಮ್ಮ ಆರಿಂಚಿನ ಗೋಡೆಯ ಒಂದು ಚದರ ಮೀಟರಿನಿಂದ ಸುಮಾರು 2.5 ವಾಟ್ ಶಾಖ ಒಳಗೆ ಬರುತ್ತದೆ. 25 ಮಿ.ಮೀ. ಎಕ್ಸ್‌ಪಿಎಸ್ ಹಾಕಿದರೆ ಅದು ಮುಕ್ಕಾಲು ವಾಟಿಗೆ ಇಳಿಯುತ್ತದೆ. 50 ಹಾಕಿದರೆ ಅರ್ಧ ವಾಟಿನ ಹತ್ತಿರ. ಅಂದರೆ ಮೊದಲನೇ ಇಂಚೇ ಹೆಚ್ಚಿನ ಕೆಲಸ ಮಾಡಿಬಿಡುತ್ತದೆ. ರೂಮು ಚಿಕ್ಕದಿದ್ದರೆ, ಜಾಗ ಬಿಡಲು ಮನಸ್ಸಿಲ್ಲದಿದ್ದರೆ 25 ಹಾಕಿಸಿದರೂ ನಡೆಯುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ಸಾಮಾನು ಬಂದ ದಿನ ಲಿಫ್ಟಿನಿಂದ ಇಳಿಸಿದ ಹಾಳೆಗಳು ನನಗೆ ತೆಳು ಅನ್ನಿಸಿದವು. ಅಪ್ಪನ ಹಳೆಯ ಸ್ಕೇಲು ತಂದು ಅಂಚಿಗೆ ಹಿಡಿದೆ. 25! ಕೋಟೇಶನ್ನಿನಲ್ಲಿ 50 ಅಂತ ಬರೆದಿತ್ತು. ಕೇಳಿದ್ದಕ್ಕೆ "ಗೋಡೌನ್‌ನವರು ತಪ್ಪಿ ಕಳಿಸಿದ್ದಾರೆ" ಅಂದ. ಇರಬಹುದು. ಎರಡು ದಿನ ಬಿಟ್ಟು ಸರಿಯಾದದ್ದು ಬಂತು. ಆದರೆ ಬೋರ್ಡು ಹೊಡೆದು ಪುಟ್ಟಿ ಬಳಿದ ಮೇಲೆ ಒಳಗೇನಿದೆ ಅಂತ ಯಾರಿಗೆ ಗೊತ್ತಾಗುತ್ತದೆ? ಹಾಳೆ ಗೋಡೆಗೆ ಹತ್ತುವ ಮುಂಚೆ ಒಂದು ಸ್ಕೇಲು ಹಿಡಿದು ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.

ಕೆಲಸ ಶುರು ಮಾಡುವ ಮುಂಚೆ ಗೋಡೆಯಲ್ಲಿ ಸೋರಿಕೆ ಇದೆಯಾ ಅಂತ ಅವನು ಕೇಳಿಯೇ ಇರಲಿಲ್ಲ, ಇದು ನನ್ನ ದೊಡ್ಡ ದೂರು. ನಾನೇ ನೆನಪಿಸಿದೆ. ಕಿಟಕಿಯ ಎಡಮೂಲೆಯಲ್ಲಿ ಹಿಂದಿನ ಮಳೆಗಾಲದಲ್ಲಿ ಅಂಗೈಯಗಲ ತೇವದ ಕಲೆ ಬಂದಿತ್ತು. ಹೊರಗಿನ ಪ್ಲಾಸ್ಟರಿನಲ್ಲಿ ಕೂದಲೆಳೆಯಷ್ಟು ಬಿರುಕು. ಸೊಸೈಟಿಗೆ ಹೇಳಿ ಅದನ್ನು ಮೊದಲು ಮುಚ್ಚಿಸಿ, ನೀರು ಬಿಟ್ಟು ನೋಡಿ, ಗೋಡೆ ಒಣಗಲಿ ಅಂತ ಮೂರು ವಾರ ಕಾದು, ಆಮೇಲೆ 2024ರ ಜನವರಿ ಕೊನೆಗೆ ಕೆಲಸ ಹಿಡಿದದ್ದು. ಈ ಮೂರು ವಾರ ಕಾದದ್ದು ಎಷ್ಟು ಒಳ್ಳೆಯದಾಯಿತು ಅಂತ ಡೊಂಬಿವಲಿಯ ನಮ್ಮ ಚಿಕ್ಕಪ್ಪನ ಮಗನ ಮನೆ ನೋಡಿದ ಮೇಲೆ ಗೊತ್ತಾಯಿತು.

ಅವರು ನಮಗಿಂತ ಒಂದು ವರ್ಷ ಮುಂಚೆ, ಬೇರೆ ಯಾರಿಂದಲೋ, ತೇವದ ಗೋಡೆಯ ಮೇಲೇ ರಾಕ್‌ವೂಲ್ ಮತ್ತು ಬೋರ್ಡ್ ಹಾಕಿಸಿಬಿಟ್ಟಿದ್ದರು. ಮುಂಬೈ ಕಡೆಯ ಮಳೆ ಅಂದರೆ ಪುಣೆಯ ಮೂರು ಪಟ್ಟು. ಗೋಡೆ ಕುಡಿದ ನೀರಿಗೆ ಒಳಗಡೆ ಆರಲು ಜಾಗವೇ ಇಲ್ಲ. ಸಾಲದ್ದಕ್ಕೆ ಬೋರ್ಡಿನ ಮೇಲೆ ಪ್ಲಾಸ್ಟಿಕ್ಕಿನ ಹಾಗಿರುವ ವಾಲ್‌ಪೇಪರ್. ಎಸಿ ಹಾಕಿದ ರೂಮಿಗೆ ಹೊರಗಿನ ಹಸಿ ಗಾಳಿ ಗೋಡೆಯ ಮೂಲಕ ನುಗ್ಗಿ, ಆ ತಣ್ಣಗಿನ ವಾಲ್‌ಪೇಪರಿನ ಹಿಂದೆ ನೀರಾಗಿ ನಿಲ್ಲುತ್ತದೆ. ಆಗಸ್ಟಿನಲ್ಲಿ ನಾವು ಹೋದಾಗ ವೈನಿ (ಅವನ ಹೆಂಡತಿ) ಮಂಚ ಸರಿಸಿ ತೋರಿಸಿದರು. ಬೋರ್ಡಿನ ಕೆಳಗಿನ ಒಂದಡಿ ಕಪ್ಪಗೆ ಬೂಷ್ಟು ಹಿಡಿದಿತ್ತು, ಬೆರಳಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು, ಹಳೆಯ ಗೋಣಿಚೀಲದ ವಾಸನೆ. ಮಗುವಿಗೆ ಕೆಮ್ಮು ಬಿಡುತ್ತಿರಲಿಲ್ಲ. ಪೂರ್ತಿ ಕಿತ್ತು ಹಾಕಿದರು. ಮುಂಬೈ, ಠಾಣೆ, ಡೊಂಬಿವಲಿ, ಗೋವಾದಲ್ಲಿರುವ ನಮ್ಮವರು ಯಾರೇ ಓದುತ್ತಿದ್ದರೂ ಇದೊಂದನ್ನು ಮರೆಯಬೇಡಿ. ಮೊದಲು ಹೊರಗಿನ ನೀರು ನಿಲ್ಲಬೇಕು, ಒಂದು ಮಳೆಗಾಲ ಗೋಡೆ ಒಣಗಿ ಇದ್ದದ್ದನ್ನು ಕಣ್ಣಾರೆ ನೋಡಬೇಕು, ಆಮೇಲೆ ಇನ್ಸುಲೇಶನ್. ಗೋವಾದ ಹಳೆಯ ಚಿರೇಕಲ್ಲಿನ ಗೋಡೆಗಳು ಮಳೆಗಾಲದಲ್ಲಿ ನೀರು ಕುಡಿಯುತ್ತವೆ, ಅವಕ್ಕಂತೂ ಒಳಗಿನಿಂದ ಹೀಗೆ ಮುಚ್ಚುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಸೂರು ಮುಂದೆ ಚಾಚುವುದು, ವರಾಂಡಾ, ನೆರಳು, ಇವೇ ಒಳ್ಳೆಯದು.

ನಮ್ಮಲ್ಲಿ ಕೆಲಸ ಎರಡು ದಿನ ಅಂದದ್ದು ನಾಲ್ಕು ದಿನ ಆಯಿತು. ಮೂವರು ಬಂದಿದ್ದರು. ಅವರಲ್ಲಿ ಒಬ್ಬ ಹುಡುಗ ಇಂಡಿ ತಾಲೂಕಿನವನು. ಅಪ್ಪ ಫೋನಿನಲ್ಲಿ ಮಾತಾಡುವುದು ಕೇಳಿ "ಅಜ್ಜಾರ, ಯಾವೂರಾವ್ರಿ ನೀವು?" ಅಂತ ಕೇಳಿದ. ಆಮೇಲೆ ನಾಲ್ಕು ದಿನ ಅಪ್ಪನಿಗೆ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಆ ಹುಡುಗ ಕೆಲಸದಲ್ಲೂ ಚೊಕ್ಕ. ಹಾಳೆ ಹಾಳೆಯ ನಡುವಿನ ಸಂದಿಗೆ ಫೋಮ್ ಹೊಡೆದು, ಉಬ್ಬಿದ್ದನ್ನು ಚಾಕುವಿನಿಂದ ಸಮ ಕತ್ತರಿಸಿ, ಅದರ ಮೇಲೆ ಟೇಪು ಹಚ್ಚಿದ. ಅವಸರ ಮಾಡಿದ್ದರೆ ಆ ಸಂದಿಯಲ್ಲೇ ಬಿಸಿಗಾಳಿ ನುಸುಳುತ್ತಿತ್ತು.

ಅವಸರ ಆದದ್ದು ಬೇರೆ ಕಡೆ. ಗೋಡೆಯ ಬಲಬದಿಗೆ ಒಂಬತ್ತಿಂಚಿನ ಕಾಲಮ್ ಇದೆ, ಕಿಟಕಿಯ ಮೇಲೆ ಬೀಮ್ ಇದೆ. ಇವೆರಡನ್ನೂ ಬಿಟ್ಟು ಬರೀ ಇಟ್ಟಿಗೆಯ ಭಾಗಕ್ಕೆ ಮಾತ್ರ ಹಾಳೆ ಹಾಕಿ, ಕಾಲಮಿನ ಮೇಲೆ ಬರೀ ಬೋರ್ಡು ಹೊಡೆದು ಸಮ ಮಾಡಿಬಿಟ್ಟಿದ್ದರು. ನೋಡಲು ಒಂದೇ ಗೋಡೆ. ನನಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ. ಕೊರೊನಾ ಕಾಲದಲ್ಲಿ ತೆಗೆದುಕೊಂಡ ಟೆಂಪರೇಚರ್ ಗನ್ ಇತ್ತು, ಅದರಲ್ಲಿ ವಸ್ತುಗಳ ಬಿಸಿ ಅಳೆಯುವ ಬಟನ್ನೂ ಇದೆ. ರಾತ್ರಿ ಎಂಟು ಗಂಟೆಗೆ ಗೋಡೆಯ ಮೇಲೆ ಹಿಡಿದರೆ 32.1. ಒಂದು ಮೊಳ ಬಲಕ್ಕೆ ಸರಿಸಿದೆ, 36.8. ಮತ್ತೆ ಎಡಕ್ಕೆ, 32. ಪೆನ್ಸಿಲ್ ತೆಗೆದುಕೊಂಡು ಎಲ್ಲಿ ಏರುತ್ತದೆ ಅಂತ ಗುರುತು ಹಾಕುತ್ತಾ ಹೋದೆ. ಕಾಲಮ್ ಎಲ್ಲಿದೆಯೋ ಅದರ ನಕ್ಷೆಯೇ ಗೋಡೆಯ ಮೇಲೆ ಮೂಡಿತು! ಕಾಂಕ್ರೀಟು ಇಟ್ಟಿಗೆಗಿಂತ ಸುಮಾರು ಎರಡು ಪಟ್ಟು ಬೇಗ ಶಾಖ ಸಾಗಿಸುತ್ತದೆ. ಬಿಡಬಾರದ ಜಾಗವನ್ನೇ ಬಿಟ್ಟಿದ್ದರು. ಫೋಟೋ ಕಳಿಸಿದೆ. ಮೂರು ಸಲ ಫೋನ್ ಮಾಡಿದ ಮೇಲೆ, ಹನ್ನೆರಡು ದಿನಕ್ಕೆ ಬಂದು ಕಾಲಮ್ ಬಿಚ್ಚಿ ಹಾಳೆ ಹಾಕಿ ಕೊಟ್ಟರು, ದುಡ್ಡು ಕೇಳಲಿಲ್ಲ. ಬೀಮಿಗೆ ಕರ್ಟನ್ ರಾಡಿನ ಕಾರಣ ಪೂರ್ತಿ ಆಗಲಿಲ್ಲ, ಒಂದು ಪಟ್ಟಿ ಹಾಗೇ ಉಳಿದಿದೆ.

ಈಗ ಫಲಿತಾಂಶ. 2023ರ ಮೇನಲ್ಲಿ ಅದೇ ಗನ್ನಿನಿಂದ ಅದೇ ಗೋಡೆ ಅದೇ ಹೊತ್ತಿಗೆ 38.4 ತೋರಿಸಿತ್ತು. 2024ರ ಏಪ್ರಿಲ್ ಕೊನೆಗೆ ಪುಣೆಯಲ್ಲಿ 41 ದಾಟಿದ ದಿನಗಳಲ್ಲೂ ಬೋರ್ಡು 33ರ ಮೇಲೆ ಹೋಗಲಿಲ್ಲ. ಅಂಗೈ ಇಟ್ಟರೆ ಬಿಸಿ ಅಂತ ಅನ್ನಿಸುವುದಿಲ್ಲ. ಇದರ ಅನುಭವ ಸಂಖ್ಯೆಗಿಂತ ದೊಡ್ಡದು. ಒಲೆಯ ಎದುರು ಕೂತಾಗ ಮುಖಕ್ಕೆ ಝಳ ಹೊಡೆಯುತ್ತದಲ್ಲ, ಕಾದ ಗೋಡೆಯೂ ಹಾಗೇ ಮೈಗೆ ಝಳ ಹೊಡೆಯುತ್ತಿರುತ್ತದೆ. ರೂಮಿನ ಗಾಳಿ ತಣ್ಣಗಿದ್ದರೂ ಸೆಕೆ ಅನ್ನಿಸುವುದು ಅದಕ್ಕೇ. ಮೊದಲು ಎಸಿಯನ್ನು 23ಕ್ಕೆ ಇಟ್ಟರೂ ಅಪ್ಪನಿಗೆ ಒಂದು ಬದಿ ಸೆಕೆ, ಇನ್ನೊಂದು ಬದಿ ಚಳಿ, ಬೆಳಗ್ಗೆ ಎದ್ದರೆ ಮಂಡಿನೋವು. ಈಗ 26ಕ್ಕೆ ಇಟ್ಟು ಫ್ಯಾನ್ ಎರಡಕ್ಕೆ ಹಾಕಿದರೆ ಸಾಕು. ಮಾರ್ಚಿನಲ್ಲಂತೂ ಬಹಳ ರಾತ್ರಿ ಎಸಿಯೇ ಬೇಕಾಗಲಿಲ್ಲ, ಕಿಟಕಿ ತೆಗೆದಿಟ್ಟು ಮಲಗಿದರು.

ಎಸಿಯ ಪ್ಲಗ್ಗಿಗೆ ಯೂನಿಟ್ ತೋರಿಸುವ ಸಣ್ಣ ಮೀಟರ್ ಹಾಕಿದ್ದೇನೆ, 2023ರಿಂದಲೂ ಇದೆ. ಒಂದೂವರೆ ಟನ್ ಇನ್ವರ್ಟರ್ ಎಸಿ. ಹಗಲು 39ರ ಆಸುಪಾಸು ಇದ್ದ ರಾತ್ರಿಗಳನ್ನಷ್ಟೇ ತೆಗೆದು ನೋಡಿದೆ. ಮೊದಲು ರಾತ್ರಿ ಹತ್ತರಿಂದ ಬೆಳಗ್ಗೆ ಆರರ ತನಕ 7 ಯೂನಿಟ್ ಹತ್ತಿರ ಹೋಗುತ್ತಿತ್ತು, ಈಗ 5. ಈ ಎರಡು ಯೂನಿಟ್ಟಿನಲ್ಲಿ ಗೋಡೆಯ ಪಾಲೂ ಇದೆ, 23ರಿಂದ 26ಕ್ಕೆ ಏರಿಸಿದ್ದರ ಪಾಲೂ ಇದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಆರು ಪರ್ಸೆಂಟ್ ಉಳಿತಾಯ ಅಂತ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ ಬಿಇಇ ಹೇಳುತ್ತದೆ, ಅದಕ್ಕೇ 2020ರಿಂದ ಹೊಸ ಎಸಿಗಳು ಆನ್ ಮಾಡಿದ ಕೂಡಲೇ 24ಕ್ಕೆ ಬರುತ್ತವೆ. ಆದರೆ ಗೋಡೆ ತಣ್ಣಗಾಗದೆ 26ಕ್ಕೆ ಇಡಲು ಆಗುತ್ತಲೇ ಇರಲಿಲ್ಲ ಅಲ್ವಾ?

ದುಡ್ಡಿನ ಲೆಕ್ಕ ಬಿಚ್ಚಿ ಹೇಳುತ್ತೇನೆ. ಗೋಡೆ 12 ಅಡಿ ಅಗಲ, ಒಂಬತ್ತೂವರೆ ಎತ್ತರ, ಒಟ್ಟು 114 ಚದರಡಿ. ಚದರಡಿಗೆ 250 ರೂಪಾಯಿ, ಪೇಂಟ್ ಸೇರಿ 28,500. ವರ್ಷಕ್ಕೆ 110 ರಾತ್ರಿ ಎಸಿ ಹಾಕುತ್ತೇವೆ, 220 ಯೂನಿಟ್ ಉಳಿಯಿತು ಅಂದುಕೊಳ್ಳಿ. ಇಲ್ಲಿನ ಕರೆಂಟ್ ಕಂಪನಿ ಮಹಾವಿತರಣದ ನಮ್ಮ ಸ್ಲ್ಯಾಬಿನಲ್ಲಿ 2024ರಲ್ಲಿ ಎಲ್ಲಾ ಚಾರ್ಜು ಸೇರಿ ಯೂನಿಟ್ಟಿಗೆ 13 ರೂಪಾಯಿ ಬೀಳುತ್ತಿತ್ತು. ವರ್ಷಕ್ಕೆ 2,860. ಹಾಕಿದ ದುಡ್ಡು ಬಿಲ್ಲಿನಿಂದ ವಾಪಸ್ ಬರಲು ಹತ್ತು ವರ್ಷ. ಮೇ ತಿಂಗಳಲ್ಲಿ 300 ಯೂನಿಟ್ ದಾಟಿ ಮೇಲಿನ ಸ್ಲ್ಯಾಬಿಗೆ ಹೋಗುವುದು ತಪ್ಪಿದರೆ ಸ್ವಲ್ಪ ಬೇಗ. ಅಂಗಡಿಯವರು ಎರಡು ಟನ್ನಿನ ಹೊಸ ಎಸಿ ಹಾಕಿಸಿ ಅಂದಿದ್ದರು, ಆ ಖರ್ಚು ಉಳಿಯಿತು, ಅದನ್ನೂ ಸೇರಿಸಿದರೆ ನಮಗೆ ಇದು ಲಾಭವೇ. ಎಸಿಯೇ ಇಲ್ಲದ ಮನೆಗೆ ಬಿಲ್ಲಿನ ಲೆಕ್ಕದಲ್ಲಿ ಉಳಿಯುವುದು ಸೊನ್ನೆ, ಆದರೆ ಅಂಥ ಮನೆಗೇ ಇದು ಇನ್ನೂ ಜಾಸ್ತಿ ಬೇಕು ಅಂತ ನನಗನ್ನಿಸುತ್ತದೆ.

ಇದಕ್ಕಿಂತ ಅಗ್ಗದ ಕೆಲಸವೊಂದನ್ನು ನಾವು ಮೊದಲೇ ಮಾಡಬೇಕಿತ್ತು. ಆ ಗೋಡೆಯಲ್ಲಿ ನಾಲ್ಕಡಿ ನಾಲ್ಕಡಿಯ ಕಿಟಕಿ ಇದೆ. ಸಂಜೆ ನಾಲ್ಕರ ಬಿಸಿಲು ನೇರ ಬಿದ್ದರೆ ಆ ಗಾಜಿನಿಂದ ಒಳಗೆ ಬರುವ ಶಾಖ ಒಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟಷ್ಟು. ಒಳಗೆ ಎಷ್ಟು ದಪ್ಪದ ಕರ್ಟನ್ ಹಾಕಿದರೂ ಬಿಸಿ ಆಗಲೇ ಗಾಜು ದಾಟಿ ಬಂದಿರುತ್ತದೆ. ಗ್ರಿಲ್ಲಿನ ಹೊರಗಡೆ 1,400 ರೂಪಾಯಿಯ ಬಿದಿರಿನ ಚಿಕ್ (ಸುತ್ತಿ ಮೇಲೇರಿಸುವ ಪರದೆ) ಕಟ್ಟಿಸಿದೆ. ಮಧ್ಯಾಹ್ನ ಇಳಿಸುವುದು, ಸಂಜೆ ಏರಿಸುವುದು ಅಪ್ಪನ ಕೆಲಸ. ಖರ್ಚು ಮಾಡಿದ ಒಂದೊಂದು ರೂಪಾಯಿಗೆ ಇಷ್ಟು ಫಲ ಬೇರೆ ಯಾವುದರಿಂದಲೂ ಸಿಕ್ಕಿಲ್ಲ. ನೀವು ಮೊದಲು ಇದನ್ನು ಮಾಡಿ, ಒಂದು ಬೇಸಿಗೆ ನೋಡಿ, ಸಾಲದಿದ್ದರೆ ಗೋಡೆಗೆ ಕೈ ಹಾಕಿ. ಕೊನೇ ಮಹಡಿಯಲ್ಲಿರುವವರಿಗೆ ಗೋಡೆಗಿಂತ ಮೊದಲು ಟೆರೇಸು. ಅಲ್ಲಿ ಬಿಳಿ ಚೈನಾ ಮೊಸಾಯಿಕ್ (ಟೈಲ್ಸ್ ಚೂರುಗಳ ಹಾಸು) ಅಥವಾ ಬಿಳಿ ಕೂಲ್ ರೂಫ್ ಪೇಂಟ್ ಆಗಬೇಕು.

ಕೊರತೆಗಳೂ ಇವೆ. ರೂಮು ಎರಡೂವರೆ ಇಂಚು ಚಿಕ್ಕದಾಯಿತು, ಕಪಾಟು ಮತ್ತೆ ಕೂರಿಸಬೇಕಾಯಿತು. ಗೋಡೆ ತಟ್ಟಿದರೆ ಟೊಳ್ಳು ಸದ್ದು. ಮೊಳೆ ಹೊಡೆದು ಭಾರದ ಫೋಟೋ ತೂಗುಹಾಕಲು ಆಗುವುದಿಲ್ಲ, ಜಿಪ್ಸಮ್ಮಿಗೆಂದೇ ಬರುವ ಆ್ಯಂಕರ್ ಬೇಕು. ಅಮ್ಮನ ಫೋಟೋ ಅದೇ ಗೋಡೆಯ ಮೇಲಿತ್ತು, ಅದಕ್ಕೆ ಬೋರ್ಡಿನ ಹಿಂದೆ ಮೊದಲೇ ಒಂದು ಪ್ಲೈವುಡ್ ತುಂಡು ಇಡಿಸಿದೆ. ನೀವೂ ಏನೇನು ತೂಗುಹಾಕಬೇಕು ಅಂತ ಮುಂಚೆಯೇ ಯೋಚಿಸಿ. ಮಳೆಗಾಲ ಮುಗಿದ ಮೇಲೆ ಕೆಳಮೂಲೆಯ ಸ್ಕರ್ಟಿಂಗ್ ಬಿಚ್ಚಿಸಿ ಹಿಂದೆ ನೋಡಿದೆ, ಒಣಗಿತ್ತು, ವಾಸನೆ ಇಲ್ಲ.

ಹೊಸ ಮನೆ ಕೊಳ್ಳುವವರು ಬಿಲ್ಡರನ್ನು ಗೋಡೆ ಯಾವುದರದು ಅಂತ ಕೇಳಿ. ಪುಣೆಯಲ್ಲಿ ಸಿಪೊರೆಕ್ಸ್ ಅನ್ನುತ್ತಾರಲ್ಲ, ಆ ಹಗುರ ಎಎಸಿ ಬ್ಲಾಕು, ಅದು ಅದೇ ದಪ್ಪದ ಇಟ್ಟಿಗೆಗಿಂತ ನಾಲ್ಕೈದು ಪಟ್ಟು ಚೆನ್ನಾಗಿ ಶಾಖ ತಡೆಯುತ್ತದೆ. ಮನೆಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ತಂದ ಇಂಧನ ಉಳಿತಾಯದ ನಿಯಮಾವಳಿ ಇಕೋ ನಿವಾಸ್ ಸಂಹಿತೆಯಲ್ಲಿ ಹೊಸ ಮನೆಗಳ ಗೋಡೆ ಕಿಟಕಿಯಿಂದ ಎಷ್ಟು ಶಾಖ ಬರಬಹುದು ಅಂತ ಮಿತಿಯೇ ಇದೆ, ಪ್ರತಿ ಚದರ ಮೀಟರಿಗೆ 15 ವಾಟ್. 2007ರ ನಮ್ಮ ಕಟ್ಟಡಕ್ಕೆ ಇಂಥದ್ದೇನೂ ಇರಲಿಲ್ಲ.

ಸಾಮಾನಿಗೆ ಐದಕ್ಕೆ ಐದು ಕೊಡುತ್ತೇನೆ. ಕೆಲಸಗಾರರಿಗೆ ನಾಲ್ಕು. ಕಾಂಟ್ರ್ಯಾಕ್ಟರಿಗೆ ಎರಡೂವರೆ: ಸ್ಕೇಲು ಹಿಡಿಯದಿದ್ದರೆ, ಗನ್ ಹಿಡಿಯದಿದ್ದರೆ, ಸೋರಿಕೆ ನೆನಪಿಸದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿಯೇ ಇಷ್ಟು.

ಅಪ್ಪನ ಮಂಚ ಈಗ ಮತ್ತೆ ಗೋಡೆಯ ಬದಿಗೆ ಹೋಗಿದೆ, ರಾತ್ರಿ ಎದ್ದರೆ ಗೋಡೆ ಹಿಡಿದುಕೊಂಡೇ ಬಾತ್‌ರೂಮಿನ ತನಕ ನಡೆಯುತ್ತಾರೆ. ಪಕ್ಕದ ಮನೆಯವರು ಬಂದು ಮುಟ್ಟಿ ನೋಡಿ ಹೋದ ಮೇಲೆ ಸೊಸೈಟಿಯಲ್ಲೂ ಮಾತು ಶುರುವಾಗಿದೆ. ಮುಂದಿನ ವರ್ಷ ಹೊರಗಿನ ಪೇಂಟಿಂಗ್ ಇದೆ, ಹೇಗಿದ್ದರೂ ಝೂಲಾ ಕಟ್ಟುತ್ತಾರೆ, ಪಶ್ಚಿಮದ ಮುಖಕ್ಕೆ ಪೂರ್ತಿ ಹೊರಗಿನಿಂದಲೇ ಹೊದಿಸಿಬಿಡೋಣ ಅಂತ ನಾನು ಬರೆದುಕೊಟ್ಟಿದ್ದೇನೆ. ಕಮಿಟಿಯ ಒಬ್ಬರು ಅಗ್ಗಕ್ಕೆ ಥರ್ಮೋಕೋಲ್ ಹಾಕಿಸೋಣ ಅಂದರು. ಏಳು ಮಹಡಿಯ ಹೊರಮೈಗೆ ಅದು ಬೇಡವೇ ಬೇಡ ಅಂತ ಪಟ್ಟು ಹಿಡಿದಿದ್ದೇನೆ. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಹಳೆಯ ಕಟ್ಟಡಕ್ಕೆ ಹೊರಗಿನಿಂದ ಹೊದಿಸಿದ್ದೇ ಹತ್ತಿಕೊಂಡು ಬೆಂಕಿ ಮೇಲಿನ ತನಕ ಹಬ್ಬಿ 72 ಜನ ಸತ್ತರು. ಹಾಕಿದರೆ ರಾಕ್‌ವೂಲ್, ಅದರ ಮೇಲೆ ಜಾಳಿಗೆ ಹಾಕಿದ ಪ್ಲಾಸ್ಟರ್. ಅಷ್ಟು ದುಡ್ಡು ಆಗದಿದ್ದರೆ ಬಿರುಕು ಮುಚ್ಚಿ ಬಿಳಿಯ ಶಾಖ ತಡೆಯುವ ಪೇಂಟ್, ಅದು ಹೊರಗಾದರೆ ಕೆಲಸ ಮಾಡುತ್ತದೆ. ಪುಣೆ ಮುಂಬೈ ಕಡೆ ಯಾರದಾದರೂ ಸೊಸೈಟಿ ಹಳೆಯ ಕಟ್ಟಡಕ್ಕೆ ಹೊರಗಿನಿಂದ ರಾಕ್‌ವೂಲ್ ಮಾಡಿಸಿದ್ದರೆ ಚದರಡಿಗೆ ಎಷ್ಟು ಬಿತ್ತು, ಎರಡು ಮಳೆಗಾಲ ತಡೆಯಿತಾ ಅಂತ ದಯವಿಟ್ಟು ತಿಳಿಸಿ. ಕಮಿಟಿ ಮೀಟಿಂಗ್ ಮುಂದಿನ ತಿಂಗಳ ಮೊದಲ ಭಾನುವಾರ ಇದೆ.